ಹಳೇ ಬಸ್ಸನ್ನ ಮನೆ ಮಾಡ್ತೀರಾ? ಮೊದಲ ಕೀಲಿ ಕಬ್ಬು ಕಡಿಯೋರಿಗೆ ಕೊಡಿ

ಮೊಬೈಲ್ ತೆಗೆದರೆ ಸಾಕು, ಈಗ ಬಸ್ಸಿನ ಮನೆಗಳದ್ದೇ ಹಾವಳಿ. ಯಾರೋ ಒಬ್ಬ ಗುಜರಿಗೆ ಹೋಗಬೇಕಿದ್ದ ಬಸ್ಸು ಕೊಂಡುಕೊಳ್ಳುತ್ತಾನೆ. ಸೀಟುಗಳನ್ನ ಕಿತ್ತು ಆಚೆ ಹಾಕುತ್ತಾನೆ. ಒಳಗೆ ಮಂಚ, ಅಡುಗೆಕಟ್ಟೆ, ಸಿಂಕು, ಟಿವಿ, ಮೇಲೆ ಸೋಲಾರ್. ಹತ್ತು ನಿಮಿಷದ ವಿಡಿಯೋ ಮುಗಿಯುವಷ್ಟರಲ್ಲಿ ಡಕೋಟ ಬಸ್ಸು ಬಂಗಲೆ ಆಗಿರುತ್ತದೆ.

ನಮ್ಮ ಹನಕೆರೆ ಕಡೆ ಹುಡುಗರೂ ಇದನ್ನೇ ನೋಡುತ್ತಾರೆ. ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಲ್ಲೇ ಇರುವ ಊರು. ದಿನ ಬೆಳಗಾದರೆ ಲೆಕ್ಕವಿಲ್ಲದಷ್ಟು ಬಸ್ಸುಗಳು ಕಣ್ಣ ಮುಂದೆ ಹಾದುಹೋಗುತ್ತವೆ. ಇಂಥ ಒಂದು ಬಸ್ಸು ತಗೊಂಡು ಮನೆ ಮಾಡಿಕೊಂಡು ಗೋವಾಕ್ಕೋ ಲಡಾಖ್‌ಗೋ ಹೋಗೋಣ ಅನ್ನುವ ಆಸೆ ಯಾರಿಗಿರಲ್ಲ ಹೇಳಿ?

ಆಸೆಯ ಮೇಲೆ ನನಗೆ ಸಿಟ್ಟಿಲ್ಲ. ಹಳೇ ಬಸ್ಸು ಮನೆ ಆಗಬಹುದು ಅನ್ನುವುದರಲ್ಲೂ ಅನುಮಾನ ಇಲ್ಲ. ನನ್ನ ತಕರಾರು ಒಂದೇ: ಆ ಮನೆ ಯಾರಿಗೆ ಅನ್ನುವ ಪ್ರಶ್ನೆಯನ್ನ ಯಾರೂ ಕೇಳುತ್ತಿಲ್ಲ. ನಮ್ಮ ಗದ್ದೆ ಬದುವಿನಲ್ಲೇ, ವರ್ಷದಲ್ಲಿ ಎಷ್ಟೋ ತಿಂಗಳು ಪ್ಲಾಸ್ಟಿಕ್ ಟಾರ್ಪಾಲಿನ ಕೆಳಗೆ ಮಲಗುವ ಜನ ಇದ್ದಾರೆ. ಅವರು ಕಬ್ಬು ಕಡಿಯೋರು. ಚಕ್ರದ ಮೇಲಿನ ಮನೆ ಈ ಜಿಲ್ಲೆಯಲ್ಲಿ ಯಾರಿಗಾದರೂ ನಿಜವಾಗಿ ಬೇಕು ಅಂದರೆ ಅದು ಅವರಿಗೆ.

ಮೊದಲು ಅಳತೆ ನೋಡಿ. ಸಾಮಾನ್ಯವಾಗಿ ಒಂದು ದೊಡ್ಡ ಬಸ್ಸು 11ರಿಂದ 12 ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ. ಸೀಟು ತೆಗೆದರೆ ಒಳಗೆ ಹೆಚ್ಚೂಕಮ್ಮಿ 25 ಚದರ ಮೀಟರ್ ಜಾಗ ಸಿಗುತ್ತದೆ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಒಂದು ಮನೆಗೆ ಕನಿಷ್ಠ ಎಷ್ಟಿರಬೇಕು ಅಂತ ಸರ್ಕಾರ ಹೇಳಿದೆ ಗೊತ್ತಾ? ಅಡುಗೆ ಜಾಗವೂ ಸೇರಿ 25 ಚದರ ಮೀಟರ್. ಅಂದರೆ ಸರ್ಕಾರವೇ ಮನೆ ಅಂತ ಕರೆಯುವಷ್ಟು ಜಾಗವನ್ನ ಒಂದೊಂದು ಬಸ್ಸಿನ ಜೊತೆಗೂ ಗುಜರಿಗೆ ತೂಗಿ ಹಾಕುತ್ತಿದ್ದೇವೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಮಾಡಿ ತೋರಿಸಿದವರಿದ್ದಾರೆ. 2020ರ ಆಗಸ್ಟ್‌ನಲ್ಲಿ ನಮ್ಮ ಕೆಎಸ್‌ಆರ್‌ಟಿಸಿಯವರೇ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಓಡಾಟ ಮುಗಿಸಿದ ಒಂದು ಬಸ್ಸನ್ನ ಹೆಂಗಸರ ಶೌಚಾಲಯ ಮಾಡಿದರು. 'ಸ್ತ್ರೀ ಶೌಚಾಲಯ' ಅಂತ ಹೆಸರು. ಮಗುವಿಗೆ ಹಾಲೂಡಿಸುವ ಜಾಗವೂ ಅದರಲ್ಲೇ ಇತ್ತು. ಖರ್ಚು ಸುಮಾರು 12 ಲಕ್ಷ ರೂಪಾಯಿ. ಅದೇ ವರ್ಷ ನವೆಂಬರ್‌ನಲ್ಲಿ ಕೇರಳದ ಸಾರಿಗೆ ಸಂಸ್ಥೆಯವರು ಮುನ್ನಾರ್ ಡಿಪೋದಲ್ಲಿ ಹಳೇ ಬಸ್ಸನ್ನ ಮಲಗುವ ಮನೆ ಮಾಡಿ ನಿಲ್ಲಿಸಿದರು. ಒಂದು ಬಸ್ಸಿನಲ್ಲಿ 16 ಮಂದಿಗೆ ಹಾಸಿಗೆ. ಶುರುವಿನಲ್ಲಿ ಒಂದು ರಾತ್ರಿಗೆ ಒಬ್ಬರಿಗೆ 100 ರೂಪಾಯಿ. ದುಬಾರಿ ಲಾಡ್ಜಿನ ಊರಿನಲ್ಲಿ ಬಡ ಪ್ರವಾಸಿಗೂ ಒಂದು ಸೂರು ಸಿಕ್ಕಿತು.

16 ಅನ್ನುವ ಸಂಖ್ಯೆ ನೆನಪಿಟ್ಟುಕೊಳ್ಳಿ. ಆಮೇಲೆ ಬೇಕಾಗುತ್ತೆ.

ಇನ್ನು ವಿಡಿಯೋ ನೋಡಿ ಕನಸು ಕಾಣುವ ತಮ್ಮಂದಿರಿಗೆ ಒಂದು ಮಾತು. ಹರಾಜಿನಲ್ಲಿ ಬಸ್ಸು ಅಗ್ಗಕ್ಕೆ ಸಿಗಬಹುದು, ಆದರೆ ಆರ್‌ಸಿ ಪುಸ್ತಕ ಸಿಗೋದು ಅಷ್ಟು ಸುಲಭ ಅಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮಾಡಿಕೊಟ್ಟ ಗಾಡಿಯ ವಿವರವನ್ನ ನಾವು ನಮಗೆ ಬೇಕಾದಂಗೆ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಒಂದು ಕೇಸಿನಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿಯೂ ಬಂತು. ಅನುಮತಿ ಇಲ್ಲದೆ ಗಾಡಿ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲ ಎರಡೂ.

ಮೋಟಾರು ಮನೆ ಮಾಡಲೇಬಾರದು ಅಂತಲ್ಲ. ಅದಕ್ಕೆ ಎಐಎಸ್-124 ಅನ್ನುವ ಮಾನದಂಡ ಇದೆ. ಮಲಗುವ ಜಾಗ, ಕೂರುವ ಜಾಗ, ಅಡುಗೆ, ಸಾಮಾನು ಇಡುವ ವ್ಯವಸ್ಥೆ ಎಲ್ಲ ಹೇಗಿರಬೇಕು ಅಂತ ಅದರಲ್ಲಿದೆ. ಆ ಪ್ರಕಾರ ಮಾಡಿ, ಸರ್ಕಾರ ಒಪ್ಪಿದ ಪರೀಕ್ಷಾ ಸಂಸ್ಥೆಯಿಂದ ಪಾಸು ಮಾಡಿಸಬೇಕು. ಒಬ್ಬ ಹುಡುಗ ಒಂದೇ ಒಂದು ಗಾಡಿಗೆ ಇಷ್ಟೆಲ್ಲ ಮಾಡಿಸಲು ಹೋದರೆ ಬಸ್ಸಿನ ಬೆಲೆಗಿಂತ ಓಡಾಟದ ಖರ್ಚೇ ಜಾಸ್ತಿ ಆದೀತು. ಅಮೆರಿಕದ ಕಡೆ ಹಳೇ ಸ್ಕೂಲ್ ಬಸ್ಸನ್ನ ಮನೆ ಮಾಡಿಕೊಂಡು, ಮೋಟಾರು ಮನೆ ಅಂತಲೇ ಮತ್ತೆ ನೋಂದಣಿ ಮಾಡಿಸುವ ದಾರಿ ಬಹಳ ಕಡೆ ಇದೆ. ಅಲ್ಲಿನ ವಿಡಿಯೋ ನೋಡಿ ಇಲ್ಲಿ ಸಾಲ ಮಾಡಬೇಡಿ. ಆರ್‌ಸಿ ಸರಿ ಇಲ್ಲದ ಗಾಡಿ ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದು ಅದೇ ತಪ್ಪನ್ನ.

ಸರ್ಕಾರಿ ಬಸ್ಸಿಗೆ ಇನ್ನೊಂದು ಬೇಲಿಯೂ ಬಿದ್ದಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ಸಾರಿಗೆ ನಿಗಮದ ಬಸ್ಸುಗಳೂ ಅದರಲ್ಲಿ ಸೇರಿದವು. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಹೊಗೆ ಉಗುಳುವ ಗಾಡಿ ರಸ್ತೆಗೆ ಬರಬಾರದು ಅನ್ನುವುದು ಸರಿಯೇ. ಆದರೆ ಎಂಜಿನ್ನು ಸತ್ತರೆ ಮೈ ಕೂಡ ಸಾಯಬೇಕಾ?

ಕಾನೂನು ಹೀಗೆ ಬಿಗಿಯಾಗಿದ್ದರೂ ಉಳ್ಳವರ ಕ್ಯಾರವಾನ್‌ಗೆ ಮಾತ್ರ ದಾರಿ ತಾನಾಗೇ ತೆರೆಯುತ್ತೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಅಂತ ನೀತಿಯನ್ನೇ ತಂದು, ಮೊದಲ 100 ಗಾಡಿಗಳಿಗೆ ಏಳೂವರೆ ಲಕ್ಷದವರೆಗೆ ಸಹಾಯಧನ ಅಂದಿತು. ನಮ್ಮ ರಾಜ್ಯದ ಪ್ರವಾಸೋದ್ಯಮ ನೀತಿಯೊಳಗೂ ಕ್ಯಾರವಾನ್ ಅನ್ನುವ ಪದ ಬಂದು ಕೂತಿದೆ. ಸಿನಿಮಾದವರ ಕ್ಯಾರವಾನ್ ನೋಡಿದ್ದೇವೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಪ್ರಜಾಧ್ವನಿ ಬಸ್ಸು, ಪಂಚರತ್ನ ರಥ ಎರಡೂ ನಮ್ಮ ಜಿಲ್ಲೆಯಲ್ಲಿ ಸುತ್ತಿದ್ದನ್ನ ನೋಡಿದ್ದೇವೆ. ನಾಲ್ಕು ದಿನ ಊರೂರು ಸುತ್ತುವ ನಾಯಕರಿಗೆ ಚಕ್ರದ ಮೇಲೆ ಕೋಣೆ ಬೇಕು ಅಂತ ಎಲ್ಲರಿಗೂ ಅರ್ಥ ಆಗುತ್ತೆ. ತಿಂಗಳುಗಟ್ಟಲೆ ಊರೂರು ಸುತ್ತುವ ಕೂಲಿಯವರಿಗೆ ಬೇಕು ಅಂದರೆ ಮಾತ್ರ ನಗು ಬರುತ್ತೆ.

ಈಗ ಆ ಕೂಲಿಯವರ ಕಡೆ ತಿರುಗಿ ನೋಡೋಣ.

ಮಂಡ್ಯ ಅಂದರೆ ಕಬ್ಬು. ಕನ್ನಂಬಾಡಿ ಕಟ್ಟೆ, ವಿಶ್ವೇಶ್ವರಯ್ಯ ನಾಲೆ, 1933ರಲ್ಲಿ ಹುಟ್ಟಿದ ಮೈಷುಗರ್, ಇವೆಲ್ಲ ನಮ್ಮ ಹೆಮ್ಮೆಯ ಪಾಠ. ಆದರೆ ಆ ಕಬ್ಬನ್ನ ಈಗ ಕಡಿಯುವವರು ಯಾರು? ಬಹಳ ಕಡೆ ನಾವಲ್ಲ. ಬಳ್ಳಾರಿ ಕಡೆಯಿಂದ ಗ್ಯಾಂಗು ಬರುತ್ತೆ. ಮೇಸ್ತ್ರಿ ಮುಂಗಡ ಕೊಟ್ಟು ಕರೆದುಕೊಂಡು ಬರುತ್ತಾನೆ. ಗಂಡ, ಹೆಂಡತಿ, ಹಾಲು ಕುಡಿಯುವ ಮಗು, ಪಾತ್ರೆ, ಕೋಳಿ, ನಾಯಿ ಎಲ್ಲ ಒಂದೇ ಗಾಡಿಯಲ್ಲಿ.

ನಮ್ಮ ಕಡೆ ಕಾರ್ಖಾನೆಗಳು ಜೂನ್–ಜುಲೈ ಹೊತ್ತಿಗೇ ಕಬ್ಬು ಅರೆಯಲು ಶುರು ಮಾಡುತ್ತವೆ. ಅಂದರೆ ಈ ಜನ ಬಂದಿಳಿಯುವುದೇ ಮಳೆಗಾಲಕ್ಕೆ. ಗದ್ದೆ ಪಕ್ಕದ ಬಯಲಲ್ಲೋ ನಾಲೆ ಏರಿಯ ಮೇಲೋ ನಾಲ್ಕು ಗಳ ನೆಟ್ಟು, ಮೇಲೆ ಟಾರ್ಪಾಲು ಎಳೆದು, ನೆಲಕ್ಕೆ ಒಣ ತರಗು ಹಾಸಿದರೆ ಅದೇ ಮನೆ. ಒಳಗೆ ನಿಂತರೆ ತಲೆ ತಾಗುತ್ತೆ. ಮಳೆ ಬಂದರೆ ಒಲೆ ಆರುತ್ತೆ. ಕರೆಂಟು ಇಲ್ಲ, ಹೆಂಗಸರಿಗೆ ಸ್ನಾನಕ್ಕೆ ಮರೆ ಇಲ್ಲ, ಬಯಲಿಗೆ ಹೋಗಲು ಕತ್ತಲಾಗಬೇಕು. ಹಾವು, ಚೇಳಿನ ಭಯ ಬೇರೆ. ಬೆಳಗಿನ ಜಾವ ಎದ್ದು ರೊಟ್ಟಿ ಸುಟ್ಟುಕೊಂಡು ಗದ್ದೆಗೆ ಇಳಿದರೆ ಲೋಡು ತುಂಬುವವರೆಗೂ ಬಿಡುವಿಲ್ಲ. ಲಾರಿ ರಾತ್ರಿ ಬಂದರೆ ರಾತ್ರಿಯೇ ತುಂಬಬೇಕು. ಮಕ್ಕಳು ಗುಡಿಸಲ ಹತ್ತಿರ. ಅವರನ್ನ ನೋಡಿಕೊಳ್ಳುವುದು ಏಳೆಂಟು ವರ್ಷದ ಅಕ್ಕ.

ಕಾನೂನು ಏನು ಮಾಡಿತು ಅಂತ ಕೇಳಬೇಡಿ. ವಲಸೆ ಕಾರ್ಮಿಕರಿಗೆ ಇರಲು ಜಾಗ ಕೊಡಿ ಅಂತ 1979ರಲ್ಲೇ ಕಾಯ್ದೆ ಬಂತು. ಆದರೆ ಅದರ ಹೆಸರೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ. ಬಳ್ಳಾರಿಯಿಂದ ಮಂಡ್ಯಕ್ಕೆ ಬಂದವರು ರಾಜ್ಯದ ಗಡಿ ದಾಟಿಲ್ಲವಲ್ಲ! ಸ್ವಂತ ರಾಜ್ಯದಲ್ಲೇ ವಲಸೆ ಬಂದ ತಪ್ಪಿಗೆ ಅವರು ಆ ಕಾಯ್ದೆಯ ಲೆಕ್ಕಕ್ಕೇ ಬರಲಿಲ್ಲ.

ಸರಿ, ಹಾಗಾದರೆ ಗಟ್ಟಿ ಕಟ್ಟಡವನ್ನೇ ಕಟ್ಟಬಹುದಲ್ಲ, ಬಸ್ಸೇ ಯಾಕೆ ಅಂತೀರಾ? ಕಟ್ಟಲಿ, ಬೇಡ ಅಂದವರು ಯಾರು. ಆದರೆ ಕಬ್ಬು ಒಂದೇ ಊರಲ್ಲಿ ಇರೋಲ್ಲ. ಕಾರ್ಖಾನೆ ಕಟಾವಿಗೆ ಪರ್ಮಿಟ್ ಕೊಟ್ಟ ಕಡೆ ಗ್ಯಾಂಗು ಹೋಗಬೇಕು. ಈ ತಿಂಗಳು ಹನಕೆರೆ ಬಯಲು, ಮುಂದಿನ ತಿಂಗಳು ಕೊಪ್ಪ ಕಡೆ, ಅದರಾಚೆ ಮಳವಳ್ಳಿ ರಸ್ತೆ. ಮಂಡ್ಯದಲ್ಲಿ ಒಂದು ಹಾಸ್ಟೆಲ್ ಕಟ್ಟಿ ರಿಬ್ಬನ್ ಕತ್ತರಿಸಿದರೆ ಫೋಟೋ ಚೆನ್ನಾಗಿ ಬರುತ್ತೆ. ಇಪ್ಪತ್ತು ಮೈಲಿ ದೂರದ ಗದ್ದೆಗೆ ಹೋಗುವವರು ಅಲ್ಲಿ ಮಲಗೋಲ್ಲ. ಕೆಲಸ ಜಾಗ ಬದಲಾಯಿಸುವಾಗ ಮನೆಯೂ ಜಾಗ ಬದಲಾಯಿಸಬೇಕು. ಮೋಟಾರು ಮನೆಯ ಅರ್ಥವೇ ಅದು. ಪ್ರವಾಸಿಗೆ ಅದು ಶೋಕಿ. ಇವರಿಗೆ ಅದು ಲೆಕ್ಕಾಚಾರ.

ಗ್ಯಾಂಗಿನಲ್ಲಿ ಸಾಮಾನ್ಯವಾಗಿ ಹದಿನೈದು–ಇಪ್ಪತ್ತು ಜನ. ಮುನ್ನಾರ್ ಬಸ್ಸಿನಲ್ಲಿ 16 ಹಾಸಿಗೆ. ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಒಂದು ಗ್ಯಾಂಗಿಗೆ ಒಂದು ಬಸ್ಸು, ದೊಡ್ಡ ಗ್ಯಾಂಗಿಗೆ ಎರಡು.

ಬಸ್ಸು ಕಬ್ಬಿಣದ ಡಬ್ಬ, ಬೇಸಿಗೆಯಲ್ಲಿ ಬೆಂದು ಹೋಗ್ತಾರೆ ಅನ್ನುವವರು ಸರಿಯಾಗೇ ಹೇಳುತ್ತಾರೆ. ಅದಕ್ಕೆ ಕೆಲಸ ಸರಿಯಾಗಿ ಮಾಡಬೇಕು. ಚಾವಣಿಯ ಮೇಲೆ ಇನ್ನೊಂದು ತಗಡು, ಎರಡರ ನಡುವೆ ಗಾಳಿ ಆಡಲು ಸಂದು. ಕಿಟಕಿಗೆ ಸೊಳ್ಳೆ ಪರದೆ. ಮೇಲೆ ಗಾಳಿ ಕಿಂಡಿ. ಎರಡು ಅಂತಸ್ತಿನ ಮಂಚ, ಸಂಸಾರಕ್ಕೊಂದು ಅಡ್ಡ ಪರದೆ. ಒಂದು ಸೋಲಾರ್ ಹಲಗೆ ಇದ್ದರೆ ದೀಪಕ್ಕೂ ಮೊಬೈಲ್ ಚಾರ್ಜಿಗೂ ಸಾಕು. ನೀರಿನ ಟ್ಯಾಂಕು ಮೇಲೆ ಬೇಡ, 500 ಲೀಟರ್ ನೀರು ಅಂದರೆ ಅರ್ಧ ಟನ್ ತೂಕ. ಅದು ಕೆಳಗೆ ಚಾಸಿಗೆ ಹೊಂದಿಕೊಂಡಿರಲಿ. ಒಲೆ ಮಾತ್ರ ಒಳಗೆ ಬೇಡವೇ ಬೇಡ. ಪಕ್ಕಕ್ಕೆ ಬಿಚ್ಚಿ ಕಟ್ಟುವ ಚಪ್ಪರದ ಕೆಳಗೆ ಅಡುಗೆ. ಶೌಚಾಲಯಕ್ಕೆ, ಸ್ನಾನಕ್ಕೆ ಬೇರೆ ಪೆಟ್ಟಿಗೆ.

ಬೆಂಕಿಯ ವಿಚಾರ ಒತ್ತಿ ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಹತ್ತಿರ ಹೊತ್ತಿ ಉರಿದದ್ದನ್ನ ನೋಡಿದ್ದೇವೆ. ಮಲಗಿದ್ದವರಿಗೆ ಏಳಲೂ ಸಮಯ ಸಿಗಲಿಲ್ಲ. ಫೋಮು, ರೆಕ್ಸಿನ್, ಪ್ಲೈವುಡ್, ಅಗ್ಗದ ವೈರು ಇವೆಲ್ಲ ಕಿಡಿಗೆ ಕಾದಿರುವ ಸೌದೆ. ಕಬ್ಬಿನ ಗದ್ದೆ ಪಕ್ಕದಲ್ಲಿ ಒಣ ತರಗು ಬೇರೆ. ಆದ್ದರಿಂದ ಎರಡು ಬಾಗಿಲು, ತುರ್ತು ಕಿಟಕಿ, ಬೆಂಕಿ ಆರಿಸುವ ಸಿಲಿಂಡರ್ ಇಲ್ಲದೆ ಇಂಥ ಒಂದು ಬಸ್ಸೂ ಹೊರಬೀಳಬಾರದು. ವಿಡಿಯೋ ನೋಡಿ ಬಸ್ಸು ಮನೆ ಮಾಡುವ ಹುಡುಗರಿಗೂ ಇದೇ ಮಾತು.

'ಹಳೇ ಬಸ್ಸು ಓಡಿಸೋದಾ?' ಅಂದರೆ ಮಂಡ್ಯದವರಿಗೆ ಎದೆ ಝಲ್ಲೆನ್ನುತ್ತೆ. 2018ರ ನವೆಂಬರ್ 24ರಂದು ಪಾಂಡವಪುರದ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜೀವ ಹೋದದ್ದನ್ನ ನಾವು ಮರೆತಿಲ್ಲ. ಈ ಬಸ್ಸುಗಳು ಜನರನ್ನ ಕೂರಿಸಿಕೊಂಡು ಓಡುವುದೇ ಬೇಡ. ಖಾಲಿಯಾಗಿ, ಹಗಲು ಹೊತ್ತು, ಒಂದು ಹಂಗಾಮಿನಲ್ಲಿ ಎರಡೋ ಮೂರೋ ಸಲ ಜಾಗ ಬದಲಿಸಿದರೆ ಸಾಕು. ಎಂಜಿನ್ನು ಪೂರ್ತಿ ಹೋಗಿದ್ದರೆ ಜೆಸಿಬಿ ಸಾಗಿಸುವಂಥ ತಗ್ಗಿನ ಟ್ರೇಲರ್ ಲಾರಿಯ ಮೇಲೆ ಹೇರಿಕೊಂಡು ಹೋಗಿ ಇಳಿಸಲಿ.

'ಶಕ್ತಿ ಯೋಜನೆ ಬಂದ ಮೇಲೆ ನಮಗೇ ನಿಲ್ಲಲು ಜಾಗ ಇಲ್ಲ, ಇರೋ ಬಸ್ಸನ್ನೂ ಮನೆ ಮಾಡ್ತೀರಾ?' ಅಂತ ಅಕ್ಕಂದಿರು ಕೇಳಿದರೆ ಅದು ನ್ಯಾಯವೇ. ಓಡುವ ಬಸ್ಸು ಓಡಲಿ. ಹತ್ತಿರ ಹತ್ತಿರ 10 ಲಕ್ಷ ಕಿಲೋಮೀಟರ್ ಓಡಿದ ಬಸ್ಸುಗಳನ್ನ ಕೆಎಸ್‌ಆರ್‌ಟಿಸಿಯವರು ತಮ್ಮ ಕಾರ್ಯಾಗಾರದಲ್ಲೇ ಸುಮಾರು 3 ಲಕ್ಷ ರೂಪಾಯಿ ಖರ್ಚಿನಲ್ಲಿ ಹೊಸದರಂತೆ ಮಾಡಿ ಮತ್ತೆ ರಸ್ತೆಗೆ ಬಿಟ್ಟಿದ್ದಾರೆ. ಅದು ಒಳ್ಳೇ ಕೆಲಸ. ಅದಕ್ಕೂ ಲಾಯಕ್ಕಿಲ್ಲ ಅಂತ ಪಕ್ಕಕ್ಕೆ ತಳ್ಳಿದ ಬಸ್ಸಿನ ಮಾತು ನಾನು ಆಡುತ್ತಿರುವುದು. ಕೆಂಗೇರಿ, ಹಾಸನದ ಕಾರ್ಯಾಗಾರಗಳಲ್ಲಿ ಬಾಡಿ ಕಟ್ಟುವ ಕಸುಬುದಾರರಿದ್ದಾರೆ. ಮೆಜೆಸ್ಟಿಕ್‌ನ ಬಸ್ಸು ಸಾಧ್ಯ ಆಗಿದ್ದರೆ ಮಂಡ್ಯದ ಬಸ್ಸು ಯಾಕೆ ಸಾಧ್ಯ ಆಗಲ್ಲ?

ದುಡ್ಡು ಯಾರು ಕೊಡಬೇಕು? ಇದಕ್ಕೂ ಉತ್ತರ ಇದೆ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯುವವರಿಗಾಗಿಯೇ ಗೋಪಿನಾಥ ಮುಂಡೆ ಹೆಸರಲ್ಲಿ ಒಂದು ಕಲ್ಯಾಣ ನಿಗಮ ಇದೆ. ಕಾರ್ಖಾನೆಗಳು ಟನ್ ಕಬ್ಬಿಗೆ 10 ರೂಪಾಯಿ, ಅದಕ್ಕೆ ಸಮನಾಗಿ ಸರ್ಕಾರದ ಪಾಲು ಅನ್ನುವುದು ಅಲ್ಲಿನ ಏರ್ಪಾಟು. ಇಲ್ಲೂ ಹಾಗೆ ಮಾಡಿದರೆ ಏನಾಗುತ್ತೆ, ಬೆರಳು ಮಡಿಸಿ ಎಣಿಸಿ. ಒಂದು ಕಾರ್ಖಾನೆ ಹಂಗಾಮಿಗೆ 5 ಲಕ್ಷ ಟನ್ ಅರೆದರೆ 50 ಲಕ್ಷ ರೂಪಾಯಿ. ಮೆಜೆಸ್ಟಿಕ್ ಬಸ್ಸಿನ 12 ಲಕ್ಷದ ಲೆಕ್ಕ ಹಿಡಿದರೂ ವರ್ಷಕ್ಕೆ ನಾಲ್ಕು ಬಸ್ಸು. ಸರ್ಕಾರವೂ ಅಷ್ಟೇ ಹಾಕಿದರೆ ಎಂಟು. ಐದು ವರ್ಷಕ್ಕೆ ನಲವತ್ತು.

ಆದರೆ ಒಂದು ಷರತ್ತು. ಈ 10 ರೂಪಾಯಿ ರೈತನ ಬಿಲ್ಲಿನಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಕಟಾವು, ಸಾಗಾಣಿಕೆ ಅಂತ ಈಗಾಗಲೇ ಮುರಿಯುವುದು ಸಾಕು. ಸಕ್ಕರೆ, ಸ್ಪಿರಿಟ್ಟು, ಎಥನಾಲ್, ಕರೆಂಟು ಅಂತ ಕಬ್ಬಿನ ಒಂದೊಂದು ಹನಿಯನ್ನೂ ಒಂದೊಂದು ಸಿಪ್ಪೆಯನ್ನೂ ಮಾರುವವರು ಕಡಿದವನ ಸೂರಿಗೆ ಟನ್ನಿಗೆ 10 ರೂಪಾಯಿ ಕೊಟ್ಟರೆ ಮುಳುಗೋಲ್ಲ.

ರೈತ ಬಂಧುಗಳೇ, ನಿಮಗೂ ಒಂದು ಮಾತು. ಇದು ಬರೀ ದಯೆ ಧರ್ಮದ ವಿಷಯ ಅಲ್ಲ. ಗ್ಯಾಂಗು ಸಿಗದೆ ಕಬ್ಬು ಗದ್ದೆಯಲ್ಲೇ ಒಣಗಿ, ಸೂಲಂಗಿ ಬಂದು, ತೂಕ ಕಳೆದುಕೊಂಡ ವರ್ಷಗಳು ನಿಮಗೆ ನೆನಪಿವೆ. ಗ್ಯಾಂಗಿನವರು ಟನ್ನಿಗೆ ಮೇಲೆ ಇಷ್ಟು ಕೊಡಿ ಅಂದಾಗ ಬೈದುಕೊಂಡೇ ಕೊಟ್ಟಿದ್ದೀರಿ. ಮಳೆಯಲ್ಲಿ ನೆನೆದು ಮಲಗಿದ ಆಳು ಬೆಳಗ್ಗೆ ಜ್ವರ ಅಂತ ಮಲಗಿದರೆ ನಿಮ್ಮ ಲೋಡು ನಿಲ್ಲುತ್ತೆ. ಇಲ್ಲಿ ಒಣ ಹಾಸಿಗೆ ಸಿಗುತ್ತೆ ಅಂದರೆ ಮುಂದಿನ ವರ್ಷವೂ ಅದೇ ಗ್ಯಾಂಗು ಬರುತ್ತೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಮ್ಮ ಊರಿಗೆ ಅಂಡರ್‌ಪಾಸ್ ಬೇಕು ಅಂತ ಕೇಳಿದವರು ನಾವು. ರಸ್ತೆ ದಾಟಲು ದಾರಿ ಕೇಳಿದ ಊರಿಗೆ, ಗದ್ದೆ ಬದುವಿನಲ್ಲಿ ಮಲಗಿದವರ ಕಷ್ಟ ಅರ್ಥ ಆಗದೇ ಇರದು.

ಹಾಗಾಗಿ ಕೇಳಬೇಕಾದದ್ದು ಇಷ್ಟೇ.

ಒಂದು, ಕೆಎಸ್‌ಆರ್‌ಟಿಸಿ ಇಂಥ ಒಂದು ವಸತಿ ಬಸ್ಸಿನ ಮಾದರಿ ಮಾಡಿ, ಎಐಎಸ್-124ರ ಪ್ರಕಾರ ಒಂದು ಸಲ ಒಪ್ಪಿಗೆ ಮಾಡಿಸಲಿ. ಒಬ್ಬ ಹುಡುಗನಿಗೆ ಭಾರವಾಗುವ ಖರ್ಚು ನೂರು ಬಸ್ಸು ಮಾಡುವ ನಿಗಮಕ್ಕೆ ಭಾರವಲ್ಲ.

ಎರಡು, 15 ವರ್ಷ ದಾಟಿ ನೋಂದಣಿ ಕಳೆದುಕೊಂಡ ಬಸ್ಸಿನ ಎಂಜಿನ್ನು ಗುಜರಿಗೆ ಹೋಗಲಿ. ಗಟ್ಟಿ ಇರುವ ಮೈಯನ್ನ, ನಿಂತಲ್ಲೇ ಬಳಸುವ ವಸತಿಗೆ ಕೊಡಲು ಕೇಂದ್ರ ಸರ್ಕಾರ ನಿಯಮದಲ್ಲಿ ಒಂದು ಸಾಲು ಸೇರಿಸಲಿ. ಜಿಲ್ಲೆಯ ಸಂಸದರು ದೆಹಲಿಯಲ್ಲಿ ಕೇಳಬೇಕಾದ ಕೆಲಸ ಇದು.

ಮೂರು, ಟನ್ನಿಗೆ 10 ರೂಪಾಯಿಯ ನಿಧಿಯನ್ನ ರಾಜ್ಯ ಸರ್ಕಾರ ಮಾಡಲಿ. ಸಕ್ಕರೆ ಇಲಾಖೆ, ಕಾರ್ಮಿಕ ಇಲಾಖೆ ಒಬ್ಬರ ಮೇಲೊಬ್ಬರು ಫೈಲು ಎಸೆಯದಿರಲಿ.

ನಾಲ್ಕು, ಗ್ರಾಮ ಪಂಚಾಯಿತಿಗಳು ಬಸ್ಸು ನಿಲ್ಲಲು ಒಂದು ಜಾಗ, ಒಂದು ನಲ್ಲಿ, ಒಂದು ಕರೆಂಟ್ ಪಾಯಿಂಟು ತೋರಿಸಲಿ. ಅಂಗನವಾಡಿಗೆ, ಶಾಲೆಗೆ ಹತ್ತಿರ ಇರುವ ಜಾಗವಾದರೆ ಇನ್ನೂ ಒಳ್ಳೇದು. ಮಕ್ಕಳು ಗದ್ದೆ ಬದುವಿನ ಬದಲು ಅಲ್ಲಿ ಕೂರುತ್ತವೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನ ಎತ್ತಲು ನಿಮಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಇವಿಷ್ಟು ಆದ ಮೇಲೆ ಉಳಿದ ಬಸ್ಸುಗಳಲ್ಲಿ ಯಾರು ಬೇಕಾದರೂ ಕ್ಯಾರವಾನ್ ಮಾಡಿಕೊಳ್ಳಲಿ, ಹಂಪಿಗೂ ಕೊಡಗಿಗೂ ಹೋಗಿ ಬರಲಿ. ವಿಡಿಯೋ ಹಾಕಿದರೆ ನಾನೂ ಲೈಕ್ ಒತ್ತುತ್ತೇನೆ. ಆದರೆ ಮನೆ ಇದ್ದವನಿಗೆ ಎರಡನೇ ಮನೆ ಚಕ್ರದ ಮೇಲೆ, ಮನೆ ಇಲ್ಲದವನಿಗೆ ಟಾರ್ಪಾಲು ಮಣ್ಣಿನ ಮೇಲೆ ಅನ್ನುವ ಲೆಕ್ಕ ಸಕ್ಕರೆ ತಿನ್ನುವ ನಾಡಿಗೆ ಶೋಭೆ ತರೋಲ್ಲ.